ಗೂಡ್ಸ್ ಗಾಡಿ ನೋಡುವ ಶನಿವಾರ

ಸುಮ್ಮನೆ ಕೂತವನ ತಂಟೆಗೆ ಯಾರೂ ಬರುವುದಿಲ್ಲ ಅಂತ ಹಿರಿಯರು ಹೇಳುತ್ತಿದ್ದರು. ನಾನು ಮರುಭೂಮಿಯ ನಡುವೆ ಮಡಚುವ ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದೆ. ಆದರೂ ಬಂದರು. ಎಂಬತ್ತರ ದಶಕದಲ್ಲಿ ನನಗೆ ಇದು ಮತ್ತೆ ಮತ್ತೆ ಆಗುತ್ತಿತ್ತು.

೧. ಯಾರು ಬರ್ತಾರೆ

ಆಗ ನಮ್ಮ ಮನೆ ಅಮೆರಿಕದ ಫ್ರೀಮಾಂಟಿನಲ್ಲಿ. ತಿಂಗಳಿಗೊಂದು ಶನಿವಾರ ಬೆಳಗ್ಗೆ ಎದ್ದು ಮೊಹಾವಿ ಮರುಭೂಮಿಗೆ ಕಾರು ಓಡಿಸುತ್ತಿದ್ದೆ. ದೂರದ ದಾರಿ. ಅಲ್ಲಿ ರೈಲು ಹಳಿ ಇದೆ. ಅದರ ಮೇಲೆ ಗೂಡ್ಸ್ ಗಾಡಿಗಳು ಹೋಗುತ್ತವೆ. ಒಂದು ತುದಿ ಕಂಡರೆ ಇನ್ನೊಂದು ತುದಿ ಕಾಣುವುದಿಲ್ಲ, ಅಷ್ಟುದ್ದ. ಅವನ್ನು ನೋಡುವುದು, ಮೋಟೆಲಿನಲ್ಲಿ ಮಲಗುವುದು, ಭಾನುವಾರ ಮನೆಗೆ ಬರುವುದು.

ನನ್ನ ಹೆಂಡತಿ ಮೈಸೂರಿನವಳು. ಅವಳ ಪ್ರಕಾರ ರೈಲಿನ ಹತ್ತಿರ ಹೋಗುವುದು ಎರಡೇ ಕಾರಣಕ್ಕೆ. ಯಾರನ್ನಾದರೂ ಕರೆತರಲು, ಇಲ್ಲವೇ ಹತ್ತಿಸಿ ಬರಲು. ಈ ಶನಿವಾರವನ್ನು ಅವಳು ಎಷ್ಟು ದಿನ ಬಿಟ್ಟುಕೊಡುತ್ತಾಳೆ ಎಂಬುದೇ ನನ್ನ ಚಿಂತೆಯಾಗಿತ್ತು.

ಯಾರು ಬರ್ತಾರೆ ಅಂತ ಕೇಳಿದಳು. ಯಾರೂ ಇಲ್ಲ ಅಂದೆ. ಹಾಗಾದರೆ ಅದರಲ್ಲಿ ಏನಿರುತ್ತೆ ಅಂದಳು. ಸಾಮಾನು ಅಂದೆ. ಯಾರ ಸಾಮಾನು ಅಂದಳು. ಗೊತ್ತಿಲ್ಲ ಅಂದೆ.



"ನಮ್ಮ ಗರಾಜಿನಲ್ಲೂ ಸಾಮಾನಿದೆ. ಅದನ್ನೂ ಒಂದು ದಿನ ನೋಡಿ."

೨. ಪೊಲೀಸು

ಜೊತೆಗೆ ಬರುತ್ತಿದ್ದವರು ಒಬ್ಬರೇ, ಉಡುಪಿ ಕಡೆಯ ಹಲ್ಲಿನ ಡಾಕ್ಟರು. ಎದುರಿನವನ ಬಾಯಿ ತೆರೆಸಿಟ್ಟು ತಾವು ಮಾತಾಡುವುದು ಅವರ ಕಸುಬು. ನಾನು ಬಾಯಿಯನ್ನೇ ತೆರೆಯುವವನಲ್ಲ. ಹೊಂದಿಕೊಂಡೆವು.

ಒಂದು ಮಧ್ಯಾಹ್ನ ಪೊಲೀಸ್ ಕಾರು ಬಂದು ನಿಂತಿತು. ಮರವೇ ಇಲ್ಲದ ಜಾಗದಲ್ಲಿ ಇಬ್ಬರು, ಒಂದು ದೊಡ್ಡ ಕೊಡೆ, ಒಂದು ಫ್ಲಾಸ್ಕು, ಒಂದು ಚೀಲ ಕೋಡುಬಳೆ. ಏನು ಮಾಡುತ್ತಿದ್ದೀರಿ ಎಂದು ಪೊಲೀಸಿನವನು ಕೇಳಿದ. ರೈಲು ನೋಡುತ್ತಿದ್ದೇವೆ ಅಂದರು ಡಾಕ್ಟರು. ಅವನು ಹಳಿಯ ಈ ಕಡೆ ನೋಡಿದ, ಆ ಕಡೆ ನೋಡಿದ. ರೈಲು ಇರಲಿಲ್ಲ. ಯಾವಾಗ ಬರುತ್ತೆ ಅಂದ. ಗೂಡ್ಸಿಗೆ ಟೈಮ್ ಟೇಬಲ್ಲು ಇರುವುದಿಲ್ಲ, ಗೊತ್ತಿಲ್ಲ ಅಂದರು.

ಅವನಿಗೆ ನಂಬಿಕೆ ಬರಲಿಲ್ಲ. ಬರಲಿ ನೋಡೋಣ ಎಂದು ಅಲ್ಲೇ ನಿಂತ. ರೈಲು ಬರಲಿಲ್ಲ. ಡಾಕ್ಟರು ಕೋಡುಬಳೆ ಕೊಟ್ಟರು. ಅವನು ಕಟುಂ ಎಂದು ಕಡಿದ. ಆ ಸದ್ದು ಕೇಳಿದ್ದೇ ಡಾಕ್ಟರು ಎದ್ದು, ಬಾಯಿ ತೆರೆ ಎಂದರು. ತೆರೆದ. ಬಲಗಡೆಯ ದವಡೆ ಹಲ್ಲು ಹುಳುಕು ಹಿಡಿದಿತ್ತು.

ನಮ್ಮ ವಿಳಾಸ ವಿಚಾರಿಸಲು ಬಂದವನು ಕ್ಲಿನಿಕ್ಕಿನ ವಿಳಾಸ ಬರೆದುಕೊಂಡು ಹೋದ.

೩. ಎಣಿಕೆ

ಒಮ್ಮೆ ಬಹಳ ಉದ್ದದ ಗಾಡಿ ಬಂತು. ಇಬ್ಬರೂ ವ್ಯಾಗನ್ನು ಎಣಿಸಿದೆವು. ಅವರ ಲೆಕ್ಕಕ್ಕೂ ನನ್ನದಕ್ಕೂ ಒಂದು ವ್ಯಾಗನ್ನು ವ್ಯತ್ಯಾಸ ಬಂತು. ಅವರು ಕೊನೆಯ ಗಾರ್ಡಿನ ಬೋಗಿಯನ್ನೂ ಸೇರಿಸಿದ್ದರು. ಅದು ವ್ಯಾಗನ್ನಲ್ಲ ಅಂದೆ. "ಚಕ್ರ ಉಂಟಲ್ಲ ಮಾರಾಯ್ರೆ" ಅಂದರು. ಚಕ್ರ ನಿಮ್ಮ ಸೂಟ್‌ಕೇಸಿಗೂ ಇದೆ ಅಂದೆ.

ಮಾತು ಬಿಟ್ಟೆವು. ವಾಪಸು ಬರುವಾಗ ಬೇಕರ್ಸ್‌ಫೀಲ್ಡಿನವರೆಗೆ ಕಾರಿನಲ್ಲಿ ಒಂದು ಶಬ್ದವಿಲ್ಲ. ಅವರಿಗೆ ಬಹಳ ಸಂಕಟವಾಯಿತಂತೆ. ಮಾತು ಬಿಟ್ಟಿದ್ದೇವೆಂದು ನನಗೆ ಗೊತ್ತಾದದ್ದೇ ಅವರು ಬಂದು ಕ್ಷಮೆ ಕೇಳಿದಾಗ.

೪. ಸನ್ಯಾಸ

ಫ್ರೀಮಾಂಟಿನ ನಮ್ಮ ಜನಕ್ಕೆ ಶನಿವಾರವೆಂದರೆ ಯಾರದೋ ಮನೆಯ ಊಟ. ಸತ್ಯನಾರಾಯಣ ಪೂಜೆ, ಇಲ್ಲ ಮಗುವಿನ ಹುಟ್ಟುಹಬ್ಬ. ಗಂಡಸರೆಲ್ಲ ಸೋಫಾದಲ್ಲಿ ಕೂತು ಮನೆ ಸಾಲದ ಬಡ್ಡಿ ಮಾತಾಡುತ್ತಾರೆ. ಒಂದು ಶನಿವಾರ ಅಂಥ ಪೂಜೆಗೆ ಹೆಂಡತಿ ಒಬ್ಬಳೇ ಹೋಗಿದ್ದಳು. ಯಜಮಾನರು ಎಲ್ಲಿ ಎಂದು ಒಬ್ಬರು ಕೇಳಿದರು. ರೈಲು ನೋಡಲು ಹೋಗಿದ್ದಾರೆ ಎನ್ನಲು ಅವಳಿಗೆ ನಾಚಿಕೆ. ಮರುಭೂಮಿಗೆ ಹೋಗಿದ್ದಾರೆ ಅಂದಳು. ಯಾಕೆ ಅಂದರು. ಸುಮ್ಮನೆ ಕೂರೋದಕ್ಕೆ ಅಂದಳು.

ಎರಡೂ ನಿಜವೇ. ಭಾನುವಾರ ನಾನು ಮನೆ ಸೇರುವಷ್ಟರಲ್ಲಿ ನಾನು ಸಂಸಾರ ಬಿಟ್ಟ ಸುದ್ದಿ ಪಕ್ಕದ ಊರು ಸ್ಯಾನ್ ಹೊಸೆಯನ್ನೂ ದಾಟಿತ್ತು. ಪೂಜೆಯ ಮನೆಯವರು ಫೋನು ಮಾಡಿದರು. ಸನ್ಯಾಸ ಅಂತ ಕೇಳಿದೆವು, ನಿಜವಾ ಎಂದರು. ಇಲ್ಲ ಅಂದೆ. ಮತ್ತೆ ಏನು ವಿಷಯ ಎಂದರು. ಏನಿಲ್ಲ ಅಂದೆ. ಮನಸ್ಸಿಗೆ ಏನಾದರೂ ಬೇಜಾರಾ ಎಂದರು. ಫೋನು ಇಟ್ಟೆ.

ಸನ್ಯಾಸ ಸುಳ್ಳು, ಬರೀ ಮೌನವ್ರತ ಅಂತ ಅವರೇ ಎಲ್ಲರಿಗೂ ತಿಳಿಸಿದರು.

೫. ಡಬ್ಬಿ

ಇದಾದ ಮೇಲೆ ಹೆಂಡತಿ ಷರತ್ತು ಹಾಕಿದಳು. ಒಂದು ಸಲ ತಾನೂ ಬರುತ್ತಾಳೆ. ನೋಡುವಂಥದ್ದು ಇದ್ದರೆ ಸರಿ. ಇಲ್ಲದಿದ್ದರೆ ಇನ್ನು ಮೇಲೆ ಶನಿವಾರ ನಾನು ಅವಳ ಜೊತೆ, ಆ ಸೋಫಾದಲ್ಲಿ.

ಡಾಕ್ಟರನ್ನು ಕರೆದೆ. "ಗಂಡ ಹೆಂಡಿರ ನಡುವೆ ನಾನ್ಯಾಕೆ ಮಾರಾಯ್ರೆ" ಎಂದು ತಪ್ಪಿಸಿಕೊಂಡರು.

ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಬಂದಳು. ಕೊಡೆಯ ಕೆಳಗೆ ಕೂತಳು. ಮಧ್ಯಾಹ್ನವಾದರೂ ಒಂದು ಗಾಡಿ ಇಲ್ಲ. ಕೊನೆಗೆ ಒಂದು ಬಂತು. ನಿಧಾನವಾಯಿತು. ಎಂಜಿನ್ನು ನಮ್ಮ ಎದುರಿಗೇ ಬಂದು ನಿಂತಿತು.

"ನಿಂತೇ ಹೋಯ್ತಲ್ಲ" ಅಂದಳು.

"ಕ್ರಾಸಿಂಗು" ಅಂದೆ. ಎದುರಿನ ಗಾಡಿ ದಾಟುವವರೆಗೆ ಇದು ಕಾಯಬೇಕು.

"ಕ್ರಾಸಿಂಗು ನೋಡೋದಕ್ಕೆ ಇಷ್ಟು ದೂರ ಬರಬೇಕಿತ್ತಾ? ಬಾಣಾವರ ಸ್ಟೇಷನ್ನಿನಲ್ಲಿ ಬೇಕಾದಷ್ಟು ನೋಡಿದ್ದೀನಿ."

ಮುಗಿಯಿತು ಅಂದುಕೊಂಡೆ.

ಅಷ್ಟರಲ್ಲಿ ಡ್ರೈವರು ಕೆಳಗಿಳಿದ. ದೊಡ್ಡ ಆಳು, ದಪ್ಪ ಮೀಸೆ. ಬೆವರು ಒರೆಸಿಕೊಂಡು ಪೊಟ್ಟಣದಿಂದ ಒಂದು ಸ್ಯಾಂಡ್‌ವಿಚ್ಚು ತೆಗೆದ. ಒಣಗಿ ತುದಿ ಮೇಲೆದ್ದಿತ್ತು. ಊಟದ ಹೊತ್ತಿಗೆ ಬಾಗಿಲಲ್ಲಿ ನಿಂತವನನ್ನು ಹಾಗೇ ಕಳಿಸುವುದು ಅವಳ ತವರಿನಲ್ಲಿ ಇಲ್ಲ. ಇಲ್ಲಿ ಬಾಗಿಲು ಇರಲಿಲ್ಲ, ಅಷ್ಟೇ. ಪುಳಿಯೋಗರೆಯ ಸ್ಟೀಲ್ ಡಬ್ಬಿಯನ್ನು ಚಮಚದ ಸಮೇತ ಅವನ ಕೈಗೆ ಕೊಟ್ಟಳು. ಒಂದು ಚಮಚ ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ನಿಲ್ಲಿಸಲಿಲ್ಲ.

ಎದುರಿನ ಗಾಡಿ ದಾಟಿತು. ಸಿಗ್ನಲ್ಲು ಬಿತ್ತು. ಅವನು ತಿನ್ನುತ್ತಲೇ ಎಂಜಿನ್ನು ಹತ್ತಿದ, ಕೈ ಬೀಸಿದ, ಹೊರಟುಹೋದ. ಡಬ್ಬಿಯೂ ಹೋಯಿತು. ಅವಳ ತಾಯಿ ಹೆಸರು ಹಾಕಿಸಿ ಕೊಟ್ಟಿದ್ದ ಡಬ್ಬಿ. ಮುಚ್ಚಳ ಮಾತ್ರ ಇವಳ ಕೈಯಲ್ಲಿತ್ತು.

ಅವಳು ಹಳಿಯ ಕಡೆ ತಿರುಗಿ ನಿಂತು ಒಂದೊಂದು ವ್ಯಾಗನ್ನನ್ನೂ ನೋಡಿದಳು. ಅಷ್ಟು ಶ್ರದ್ಧೆಯಿಂದ ನಾನೂ ಎಂದೂ ನೋಡಿಲ್ಲ. ಕೊನೆಗೆ ಗಾರ್ಡಿನ ಬೋಗಿ ಬಂದಾಗ ಮುಚ್ಚಳ ಎತ್ತಿ ತೋರಿಸಿ, ನಮ್ಮ ಡಬ್ಬಿ, ನಮ್ಮ ಡಬ್ಬಿ ಎಂದು ಕನ್ನಡದಲ್ಲೇ ಕೂಗಿದಳು. ಗಾರ್ಡು ಟೋಪಿ ತೆಗೆದು ಬೀಸಿದ.

ಮುಂದಿನ ಶುಕ್ರವಾರ ಅವಳೇ ಕೇಳಿದಳು, ನಾಳೆ ಎಷ್ಟು ಹೊತ್ತಿಗೆ ಹೊರಡೋದು ಅಂತ. ತಿಂಗಳಿಗೊಂದು ಇದ್ದದ್ದು ಪ್ರತಿ ಶನಿವಾರವಾಯಿತು. ಮುಚ್ಚಳ ಹಿಡಿದು ನಿಲ್ಲುವಳು. ಎಂಜಿನ್ನು ಬಂದೊಡನೆ ಕತ್ತೆತ್ತಿ ನೋಡಿ, ಇವನಲ್ಲ ಅನ್ನುವಳು. ಡಾಕ್ಟರು ಎರಡು ವಾರ ನೋಡಿದರು. "ನಿಮ್ಮವರಿಗೆ ನಮಗಿಂತ ಹುಚ್ಚು ಜಾಸ್ತಿ ಮಾರಾಯ್ರೆ" ಅಂದರು. ಅವಳು ಕೇಳಿಸಿಕೊಂಡಳು. ಅವರಿಗೆ ಆ ದಿನ ಮೊಸರನ್ನ ಸಿಗಲಿಲ್ಲ.

ಒಂದು ಶನಿವಾರ ಅವನೇ ಬಂದ. ಕ್ರಾಸಿಂಗಿಗೆ ನಿಲ್ಲಿಸಿ, ಕಿಟಕಿಯಿಂದಲೇ ಡಬ್ಬಿ ಕೆಳಗೆ ಕೊಟ್ಟ. ಫಳಫಳ ಹೊಳೆಯುತ್ತಿತ್ತು. ಒಳಗೆ ಅವನ ಹೆಂಡತಿ ತುಂಬಿಕೊಟ್ಟ ಖರ್ಜೂರ. ಇವಳು ಮುಚ್ಚಳ ಹಾಕಿ ನೋಡಿದಳು. ಸರಿಯಾಗಿ ಕೂತಿತು.

 ಡಬ್ಬಿ ಸಿಕ್ಕಿತು. ಇನ್ನು ಇಲ್ಲಿಗೆ ಬರಲು ಅವಳಿಗೆ ಕಾರಣವಿಲ್ಲ. ಸೋಫಾ ಕಣ್ಣ ಮುಂದೆ ಬಂತು.

ಅವಳು ಖರ್ಜೂರವನ್ನು ಒಂದು ಕಾಗದಕ್ಕೆ ಸುರಿದಳು. ತುಂಬಿ ಬಂದ ಡಬ್ಬಿಯನ್ನು ತುಂಬಿಯೇ ಕಳಿಸಬೇಕು ಅಂದಳು. ಅಂದು ತಂದಿದ್ದ ಚಿತ್ರಾನ್ನ ಒತ್ತಿ ತುಂಬಿ, ಈ ಸಲ ಮುಚ್ಚಳ ಸಮೇತ, ಮೇಲಕ್ಕೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ಇಸಿದುಕೊಂಡ.

"ಮುಂದಿನ ಶನಿವಾರ ಅವನಿಗೆ ಡ್ಯೂಟಿ ಇದೆಯಾ ಕೇಳಿ" ಅಂದಳು.

ಎಂಜಿನ್ನಿನ ಹತ್ತಿರ ಹೋಗಿ ಕೇಳಿದೆ. ಇಲ್ಲ, ರಜ ಅಂದ. ಎಂಜಿನ್ನಿನ ಸದ್ದಿಗೆ ಅವಳಿಗೆ ಕೇಳಿಸಲಿಲ್ಲ.

ವಾಪಸು ಬಂದು, ಇದೆಯಂತೆ ಅಂದೆ.