ಒಂದು ಗೇಣು ಎಡಕ್ಕೆ

ರಾಜಲಕ್ಷ್ಮಮ್ಮ: ಇದು ನಾಲ್ಕನೇ ಗುಂಡು. ನಾಲ್ಕಕ್ಕೆ ನಾಲ್ಕೂ ಎಡಕ್ಕೇ ಬಿದ್ದೈತೆ. ಸುಣ್ಣದ ಚುಕ್ಕೆ ಇಟ್ಟಿದೀನಿ, ಬಂದು ನೋಡ್ರಿ.

ವೀರಭದ್ರಯ್ಯ: ಗಾಳಿ ಐತೆ ಕಣೇ.

ರಾಜಲಕ್ಷ್ಮಮ್ಮ: ಎಲ್ಲೈತೆ ಗಾಳಿ? ತಂತಿ ಮೇಲಿರೋ ನಿಮ್ಮ ಪಂಚೆ ಅಲ್ಲಾಡ್ತಿಲ್ಲ.

ವೀರಭದ್ರಯ್ಯ: ಪಂಚೆಗೆ ತೂಕ ಐತೆ. ಇದು ಸ್ಪಂಜಿನ ಗುಂಡು. ಪಂಚೆಗೆ ಗೊತ್ತಾಗದ ಗಾಳಿ ಸ್ಪಂಜಿಗೆ ಗೊತ್ತಾಗುತ್ತೆ.

ರಾಜಲಕ್ಷ್ಮಮ್ಮ: ಹಂಗಾದ್ರೆ ಒಂದ್ಸಲನಾದ್ರೂ ಬಲಕ್ಕೆ ಬೀಸಬೇಕಿತ್ತಲ್ಲ. ನಿಮ್ಮ ಗುಂಡು ಹೊರಡೋದನ್ನೇ ಕಾಯ್ಕೊಂಡು ಕೂತೈತಾ ಗಾಳಿ?

ಬಡವನಹಳ್ಳಿಯ ಆ ಮನೆಯ ಅಂಗಳದಲ್ಲಿ ಬೆಳಿಗ್ಗೆಯಿಂದ ಇದೇ ನಡೆದಿತ್ತು. ಬಂದೂಕು ಮೊಮ್ಮಗಳು ತೇಜಸ್ವಿನಿಯದು, ನೀಲಿ ಬಣ್ಣದ ಪ್ಲಾಸ್ಟಿಕ್ಕಿನದು, ಆನ್‌ಲೈನಿನಲ್ಲಿ ತರಿಸಿದ್ದು. ಮಗು ಎರಡು ದಿನ ಆಡಿ, ಬೇಜಾರಾಗಿ, ಅಜ್ಜನ ಮನೆಯಲ್ಲೇ ಬಿಟ್ಟುಹೋಗಿತ್ತು. ಅಜ್ಜನಿಗೆ ಇನ್ನೂ ಬೇಜಾರಾಗಿರಲಿಲ್ಲ. ವೀರಭದ್ರಯ್ಯನವರು ಇಪ್ಪತ್ತೆಂಟು ವರ್ಷ ಸರ್ಕಾರಿ ಸರ್ವೆಯರ್ ಆಗಿದ್ದವರು. ಗುರಿ ನೋಡಲು ಏನೂ ಇಲ್ಲದ ಬಂದೂಕನ್ನು ಮಕ್ಕಳ ಕೈಗೆ ಕೊಡುವ ಕಂಪನಿಯವರ ಬುದ್ಧಿಯ ಬಗ್ಗೆ ಅವರು ಒಂದು ವಾರದಿಂದ ಮನೆಗೆ ಬಂದವರಿಗೆಲ್ಲ ಭಾಷಣ ಮಾಡಿದ್ದರು. ನಿನ್ನೆ ಅಟ್ಟ ಹತ್ತಿ ತಮ್ಮ ಹಳೆಯ ಕ್ರಾಸ್ ಸ್ಟಾಫನ್ನು ಕೆಳಗಿಳಿಸಿದರು. ಹೊಲ ಅಳೆಯುವಾಗ ನೆಲಕ್ಕೆ ನೆಟ್ಟು, ಮೇಲಿನ ಅಡ್ಡಹಲಗೆಯ ಎರಡು ಹಿತ್ತಾಳೆ ಸೀಳುಗಳ ಮೂಲಕ ನೇರ ನೋಡುವ ಕೋಲು ಅದು. ಕೋಲಿನಿಂದ ಹಲಗೆಯನ್ನು ಬಿಚ್ಚಿ, ಕೊಳವೆಯ ನೇರಕ್ಕೆ ದಾರ ಹಿಡಿದು, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಂದೂಕಿನ ಬೆನ್ನಿಗೆ ಬಿಗಿದು ಕಟ್ಟಿದರು. ಹತ್ತಡಿ ದೂರದ ಗೋಡೆಗೆ ಮೊಳೆ ಹೊಡೆದು, ಉಪ್ಪಿನಕಾಯಿ ಜಾಡಿಯ ತಗಡಿನ ಮುಚ್ಚಳ ನೇತುಹಾಕಿದರು. ಅಲ್ಲಿಂದ ಶುರುವಾದದ್ದು.

ಒಂದೊಂದು ಗುಂಡಿಗೂ ಅರ್ಧ ಗಂಟೆ ಗುರಿ ನೋಡುವುದು ಅವರ ಕ್ರಮ. ಮುಚ್ಚಳಕ್ಕೆ ಇನ್ನೂ ಒಂದು ಗುಂಡೂ ತಗುಲಿರಲಿಲ್ಲ. ಎಲೆಅಡಿಕೆ ಹಾಕಿಕೊಳ್ಳುತ್ತ ಗೋಡೆಯ ಪಕ್ಕದಲ್ಲಿ ಕೂತ ಅವರ ಹೆಂಡತಿ, ಗುಂಡು ಬಿದ್ದ ಜಾಗಕ್ಕೆಲ್ಲ ಸುಣ್ಣದ ಡಬ್ಬಿಯಿಂದ ಬೆರಳು ಅದ್ದಿ ಒಂದೊಂದು ಚುಕ್ಕೆ ಇಡುತ್ತಿದ್ದರು. ಗಂಡನಿಗೆ ಮುಂದೆ ಮಾತು ಬದಲಿಸಲು ಅವಕಾಶ ಇರಬಾರದು ಎನ್ನುವುದು ಅವರ ಲೆಕ್ಕಾಚಾರ.

ವೀರಭದ್ರಯ್ಯ: ಗೋಡೆನೇ ಸೊಟ್ಟ ಐತೆ ಅನ್ಸುತ್ತೆ.

ರಾಜಲಕ್ಷ್ಮಮ್ಮ: ಇರಬೋದು. ಮನೆ ಕಟ್ಟುವಾಗ ದಾರ ಹಿಡಿದು ನಿಂತಿದ್ದೋರು ನೀವೇ ಅಲ್ವಾ?

ಜಗಲಿಯ ಮೇಲೆ ಕೂತಿದ್ದ ಬೋರಪ್ಪ ಇಲ್ಲಿ ಒಂದು ಸಲ ಕೆಮ್ಮಿದ. ಅವನು ಬಂದು ಎರಡು ಗಂಟೆಯಾಗಿತ್ತು. ಅವನಿಗೆ ಬಂದೂಕು ಬೇಕಿರಲಿಲ್ಲ, ಹುಣಸೆಮರ ಬೇಕಿತ್ತು. ಹನ್ನೆರಡು ವರ್ಷದ ಹಿಂದೆ ಇದೇ ವೀರಭದ್ರಯ್ಯನವರು ಅವನ ಹೊಲಕ್ಕೂ ಪಕ್ಕದ ಚಿಕ್ಕರಂಗಯ್ಯನ ಹೊಲಕ್ಕೂ ನಡುವೆ ಗೆರೆ ಹಿಡಿದು ಕಲ್ಲು ನೆಡಿಸಿದ್ದರು. ಕಲ್ಲು ನೆಟ್ಟ ಮೇಲೆ ನೋಡಿದರೆ, ಬೋರಪ್ಪನ ಅಪ್ಪ ನೆಟ್ಟು ನೀರೆರೆದಿದ್ದ ಹುಣಸೆಮರ ಚಿಕ್ಕರಂಗಯ್ಯನ ಕಡೆ ಹೋಗಿತ್ತು. ಅಳತೆಯ ದಿನ ಬೋರಪ್ಪ ಕುರಿ ಹೊಡೆದುಕೊಂಡು ಸಿರಾ ಕಡೆ ಹೋಗಿದ್ದ. ಅಂದಿನಿಂದ ಪ್ರತಿ ವರ್ಷ ಹಣ್ಣು ಬಡಿಯುವ ಕಾಲಕ್ಕೆ ಇಬ್ಬರಿಗೂ ಬಾಯಿ ಜಗಳ. ಈ ಸಲ ಊರಿನವರು ಕೂತು ತೀರ್ಮಾನ ಮಾಡಿದ್ದರು: ನಾಳೆ ಬೆಳಿಗ್ಗೆ ಅಳೆದವರೇ ಬಂದು ಕಲ್ಲಿನ ಪಕ್ಕ ನಿಂತು ಹೇಳಲಿ, ಅವರು ಹೇಳಿದ್ದಕ್ಕೆ ಇಬ್ಬರೂ ಬದ್ಧ. ಬೋರಪ್ಪ ಅದನ್ನು ಹೇಳಿ, ಕಲ್ಲಿನ ವಿಷಯ ಇನ್ನೊಂದು ಸಲ ಯೋಚನೆ ಮಾಡಿ ನೋಡಿ ಎಂದು ಬೇಡಿಕೊಳ್ಳಲು ಬಂದಿದ್ದ. ಮೂರು ಸಲ ಬಾಯಿ ತೆರೆದಿದ್ದ. ಮೂರು ಸಲವೂ ಸಿಕ್ಕಿದ್ದು ಒಂದೇ ಉತ್ತರ, ಇದೊಂದು ಗುಂಡು ಹೊಡೆದುಬಿಡ್ತೀನಿ ತಡಿ.

ಬೋರಪ್ಪ: ಸಾಮಿ, ಆ ಹಲಿಗೆ ಬಿಚ್ಚಿ ಒಂದ್ಸಲ ನಂಗೆ ಕೊಡಿ. ನಾನೇ ಬೀಳಿಸಿಬುಡ್ತೀನಿ. ಆಮೇಲೆ ನನ್ನ ಮಾತು ಕೇಳೀರಂತೆ.

ವೀರಭದ್ರಯ್ಯ: ಹಲಗೆ ಇಲ್ಲದೆ ಗುರಿ ಹೆಂಗಯ್ಯ ಹಿಡೀತೀಯ?

ಬೋರಪ್ಪ: ತೋಳ ಬಂದಾಗ ಕವಣೆಗೆ ಹಲಿಗೆ ಕಟ್ಕೊಂಡು ಕೂತ್ರೆ ಕುರಿ ಉಳೀತವಾ ಸಾಮಿ?

ವೀರಭದ್ರಯ್ಯನವರು ಅನಕ್ಷರಸ್ಥರ ಧೈರ್ಯದ ಬಗ್ಗೆ ಎರಡು ಮಾತಾಡಿ ಹಲಗೆ ಬಿಚ್ಚಿಕೊಟ್ಟರು. ಬೋರಪ್ಪ ಬಂದೂಕನ್ನು ಸೊಂಟದ ಹತ್ತಿರ ಹಿಡಿದು, ಹೆಚ್ಚು ಯೋಚಿಸದೆ ಒತ್ತಿದ. ಮುಚ್ಚಳ ಟಣ್ ಎಂದು ಕೆಳಗೆ ಬಿತ್ತು. ಅದೃಷ್ಟ ಎಂದರು ವೀರಭದ್ರಯ್ಯ. ರಾಜಲಕ್ಷ್ಮಮ್ಮ ಎದ್ದು ಮುಚ್ಚಳವನ್ನು ಮತ್ತೆ ಮೊಳೆಗೆ ಹಾಕಿದರು. ಬೋರಪ್ಪ ಮತ್ತೆ ಒತ್ತಿದ, ಮುಚ್ಚಳ ಮತ್ತೆ ಬಿತ್ತು. ಸುಣ್ಣ ಸುಮ್ಮನೆ ಬೆರಳಲ್ಲಿ ಒಣಗ್ತಾ ಐತೆ ಎಂದು ರಾಜಲಕ್ಷ್ಮಮ್ಮ ಗಂಡನ ಕಡೆ ನೋಡಿ ಹೇಳಿದರು.

ವೀರಭದ್ರಯ್ಯನವರ ಮುಖ ಕೆಂಪಾಯಿತು. ಹಲಗೆಯನ್ನು ತಾವೇ ಮತ್ತೆ ಬಿಗಿದು ಕಟ್ಟಿ, ಈಗ ಸೀಳಿನಲ್ಲಿ ಕಣ್ಣಿಟ್ಟು ಶಾಸ್ತ್ರೋಕ್ತವಾಗಿ ಹೊಡಿ ನೋಡೋಣ ಎಂದು ಬೋರಪ್ಪನ ಹತ್ತಿರ ಹಟ ಹಿಡಿದರು. ಬೋರಪ್ಪ ಒಂದು ಕಣ್ಣು ಮುಚ್ಚಿ, ಎರಡು ಸೀಳುಗಳ ನಡುವೆ ಮುಚ್ಚಳವನ್ನು ತಂದು, ಉಸಿರು ಬಿಗಿಹಿಡಿದು ಒತ್ತಿದ. ಗುಂಡು ಹೋಗಿ ನಾಲ್ಕು ಚುಕ್ಕೆಗಳ ಮಧ್ಯದಲ್ಲಿ ಬಡಿಯಿತು.

ರಾಜಲಕ್ಷ್ಮಮ್ಮ: ಐದನೇದು. ಮುಚ್ಚಳದಿಂದ ಒಂದು ಗೇಣು ಎಡಕ್ಕೆ. ಬೇಕಾದ್ರೆ ನಿಮ್ಮ ಕೈಯಿಂದಲೇ ಗೇಣು ಹಾಕಿ ನೋಡ್ಕಳ್ರಿ.

ಬೋರಪ್ಪ: ನನ್ನ ಕೈಲೂ ಎಡಕ್ಕೇ ಹೋಯ್ತಲ್ಲ ಸಾಮಿ. ಬಂದೂಕು ನೆಟ್ಟಗೈತೆ, ಈ ಸೀಳು ಸೊಟ್ಟ. ಯಾವ ಹಲಿಗೆ ಇದು?

ವೀರಭದ್ರಯ್ಯ: ಅಂಗೆಲ್ಲ ಅನ್ನಬೇಡ. ಇಡೀ ಸರ್ವೀಸು ಇದರಲ್ಲೇ ಮಾಡೀನಿ. ಹೋಬಳಿಯ ಅರ್ಧ ಭೂಮಿ ಈ ಸೀಳಲ್ಲಿ ನೋಡೀನಿ.

ಬೋರಪ್ಪ: ನನ್ನ ಹೊಲಾನೂ?

ವೀರಭದ್ರಯ್ಯನವರ ಮುಂದೆ ಎರಡೇ ದಾರಿ ಇದ್ದವು. ಸೀಳು ಸೊಟ್ಟ ಎಂದರೆ ಅರ್ಧ ಹೋಬಳಿಯೇ ಸೊಟ್ಟ, ನಾಳೆಯಿಂದ ಮನೆಯ ಮುಂದೆ ಜನ ಸಾಲುಗಟ್ಟುತ್ತಾರೆ. ಸೀಳು ನೆಟ್ಟಗಿದೆ ಎಂದರೆ ತಮ್ಮ ಕಣ್ಣೇ ಸೊಟ್ಟ. ದೇಹವನ್ನು ಬಲಿಕೊಟ್ಟು ದಾಖಲೆಯನ್ನು ಉಳಿಸಿಕೊಳ್ಳುವುದು ಒಳ್ಳೆಯ ಸರ್ಕಾರಿ ನೌಕರನ ಲಕ್ಷಣ. ಅವರು ಅದನ್ನೇ ಮಾಡಿದರು.

ವೀರಭದ್ರಯ್ಯ: ನನ್ನ ಕಣ್ಣಿಂದು ದೋಷ ಇರಬೇಕು. ಪೊರೆ ಬಂದೈತೆ.

ರಾಜಲಕ್ಷ್ಮಮ್ಮ: ಹೋದ ತಿಂಗಳು ತಾನೆ ಮಧುಗಿರಿಗೆ ಹೋಗಿ ಪೊರೆ ತೆಗೆಸ್ಕೊಂಡು ಬಂದ್ರಿ. ಬೀದಿ ತುದೀಲಿ ನಿಂತ ಬಸ್ಸಿನ ಬೋರ್ಡು ಓದ್ತೀನಿ ಅಂತ ಮನೆಮನೆಗೂ ಹೇಳ್ಕೊಂಡು ಬಂದ್ರಿ.

ಬೋರಪ್ಪ: ಕಣ್ಣು ನಿಮ್ದಾದ್ರೆ ನಂಗ್ಯಾಕೆ ಎಡಕ್ಕೋಯ್ತು?

ವೀರಭದ್ರಯ್ಯ: ನಿನಗೂ ಪೊರೆ ಇರಬೇಕು ಕಣಯ್ಯ. ತೋರಿಸ್ಕೊ.

ಬೋರಪ್ಪ ಅವರ ಎದುರಿಗೇ ಬಂದು ನಿಂತ. ಎರಡು ಗಂಟೆ ಕೂತು ಮರಗಟ್ಟಿದ್ದ ಕಾಲಿಗೂ ಹನ್ನೆರಡು ವರ್ಷ ಮರ ನೋಡಿ ನೋಡಿ ಉರಿದಿದ್ದ ಹೊಟ್ಟೆಗೂ ಒಟ್ಟಿಗೆ ಬಲ ಬಂದಿತ್ತು.

ಬೋರಪ್ಪ: ಕಣ್ಣಿನ ಮಾತು ಬುಡಿ ಸಾಮಿ. ಅವತ್ತು ಹೊಲದಲ್ಲಿ ಯಾರ ಮನೆ ಎಳನೀರು ಕುಡಿದ್ರಿ?

ವೀರಭದ್ರಯ್ಯ: ಬಿಸಿಲಿತ್ತು. ಚಿಕ್ಕರಂಗಯ್ಯ ಕೊಟ್ಟ, ಕುಡಿದೆ. ಎಳನೀರಿಗೂ ಗೆರೆಗೂ ಏನಯ್ಯ ಸಂಬಂಧ?

ರಾಜಲಕ್ಷ್ಮಮ್ಮ: ಎಳನೀರಿಗೆ ಇರಲಿಕ್ಕಿಲ್ಲ. ಆದ್ರೆ ಆ ವರ್ಷ ನಾವು ಸಾರಿಗೆ ಹುಣಸೆಹಣ್ಣು ಕೊಂಡ ನೆನಪಿಲ್ಲ ನಂಗೆ.

ವೀರಭದ್ರಯ್ಯ: ನೀನು ಒಳಗೆ ಹೋಗಿ ಕಾಫಿ ಮಾಡು.

ರಾಜಲಕ್ಷ್ಮಮ್ಮ: ನಾನು ಹೋದ್ರೆ ಚುಕ್ಕೆ ಇಡೋರು ಯಾರು?

ಬೋರಪ್ಪ ಅಷ್ಟರಲ್ಲಿ ಬೆರಳು ಮಡಿಚಲು ಶುರು ಮಾಡಿದ್ದ. ಹತ್ತಡಿ ದೂರಕ್ಕೆ ಒಂದು ಗೇಣು ಓರೆ. ಅವತ್ತು ಸರ್ವೆ ಆದದ್ದು ಹೊಲದ ತಲೆಯಲ್ಲಿರುವ ಬಂಡೆಯಿಂದ, ಅಲ್ಲಿಂದ ಕಲ್ಲು ನೆಟ್ಟ ಜಾಗಕ್ಕೆ ಇನ್ನೂರಡಿ. ಅಂದರೆ ಇಪ್ಪತ್ತು ಗೇಣು. ಹದಿನೈದಡಿ ಎಂದು ವೀರಭದ್ರಯ್ಯನವರ ಬಾಯಿಂದ ಅಭ್ಯಾಸ ಬಲದಿಂದ ಉತ್ತರ ಬಂದುಬಿಟ್ಟಿತು. ಬಂದ ಮೇಲೆ ನಾಲಿಗೆ ಕಚ್ಚಿಕೊಂಡರು.

ಬೋರಪ್ಪ: ಅಂಗಂದ್ರೆ ಕೇಳಿ. ಈ ಹಲಿಗೆಯಿಂದ ನೋಡಿದ್ದೆಲ್ಲ ಎಡಕ್ಕೋಗುತ್ತೆ. ಬಂಡೆ ಹತ್ರ ನಿಂತು ನೋಡಿದ್ರೆ ಎಡಕ್ಕೆ ನನ್ನ ಹೊಲ, ಬಲಕ್ಕೆ ಚಿಕ್ಕರಂಗಯ್ಯಂದು. ನಿಮ್ಮ ಗುಂಡು ಎಡಕ್ಕೋದಂಗೆ ನಿಮ್ಮ ಕಲ್ಲೂ ಎಡಕ್ಕೆ ಬಂದು ನನ್ನ ಹೊಲದೊಳಗೆ ಬಿದ್ದೈತೆ. ಅದು ಬಲಕ್ಕೆ ಹದಿನೈದಡಿ ಹೋಗ್ಬೇಕು. ಮರ ಇರೋದು ಕಲ್ಲಿಂದ ಹತ್ತೇ ಅಡಿ ಬಲಕ್ಕೆ. ಮರ ನಂದು ಸಾಮಿ. ನಾಳೆ ಬಂದು ಹೇಳ್ಬುಡಿ.

ಈ ಮಾತಿಗೆ ವೀರಭದ್ರಯ್ಯನವರು ಸೋಲು ಒಪ್ಪಿಕೊಂಡು ಸುಮ್ಮನಾಗಿದ್ದರೆ ಎಲ್ಲ ಮುಗಿದುಹೋಗುತ್ತಿತ್ತು. ಆದರೆ ಅವರು ಇಪ್ಪತ್ತೆಂಟು ವರ್ಷದಲ್ಲಿ ತಪ್ಪು ಅಳತೆಯನ್ನು ಸಹಿಸಿದ್ದರು, ತಪ್ಪು ವಾದವನ್ನು ಒಂದು ದಿನವೂ ಸಹಿಸಿರಲಿಲ್ಲ. ಕುರಿ ಕಾಯುವವನೊಬ್ಬ ತಮ್ಮ ಅಂಗಳದಲ್ಲೇ ನಿಂತು ಎಡ ಬಲವನ್ನು ಅದಲುಬದಲು ಮಾಡುವುದನ್ನು ನೋಡಿ ಅವರಿಗೆ ಮೈಯೆಲ್ಲ ಉರಿಯಿತು.

ವೀರಭದ್ರಯ್ಯ: ದಡ್ಡನಂಗೆ ಮಾತಾಡಬೇಡ. ಗುಂಡು ಹೋಗೋದು ಕೊಳವೆ ಇರೋ ಕಡೆ. ಕೊಳವೆ ನೇರ ಐತೆ ಅಂತ ನೀನೇ ತೋರಿಸಿದೆ. ಹಂಗಾದ್ರೆ ನೇರ ಯಾವುದು? ಸುಣ್ಣದ ಚುಕ್ಕೆ. ಸೀಳಲ್ಲಿ ಕಂಡಿದ್ದು ಯಾವುದು? ಮುಚ್ಚಳ. ಮುಚ್ಚಳ ಚುಕ್ಕೆಯಿಂದ ಯಾವ ಕಡೆ ಐತೆ?

ಬೋರಪ್ಪ: ಬಲಕ್ಕೆ.

ವೀರಭದ್ರಯ್ಯ: ಅವತ್ತು ಹೊಲದಲ್ಲಿ ನಾನೇನು ಗುಂಡು ಹೊಡೆದೆನಾ? ಸೀಳಲ್ಲಿ ಕಣ್ಣಿಗೆ ಕಂಡ ಕಡೆ ಕಲ್ಲು ನೆಡಿಸಿದೆ. ಅಂದ್ಮೇಲೆ ಕಲ್ಲು ಬಿದ್ದಿರೋದು ಬಲಕ್ಕೆ, ಚಿಕ್ಕರಂಗಯ್ಯನ ಹೊಲದಲ್ಲಿ. ಸರಿ ಮಾಡಬೇಕು ಅಂದ್ರೆ ಎಡಕ್ಕೆ ತರಬೇಕು. ನಿನ್ನ ಹೊಲದೊಳಕ್ಕೆ ಹದಿನೈದಡಿ.

ರಾಜಲಕ್ಷ್ಮಮ್ಮ: ಅಂದ್ರೆ ಸೀಳು ಸೊಟ್ಟ ಅಂತ ಒಪ್ಕೊಂಡ್ರಿ.

ವೀರಭದ್ರಯ್ಯನವರಿಗೆ ಅದು ಕೇಳಿಸಲಿಲ್ಲ. ವಾದ ಗೆದ್ದ ಸಂತೋಷದಲ್ಲಿ ಅವರು ಶಲ್ಯ ಕೊಡವಿ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಬೋರಪ್ಪ ಮಾತ್ರ ಗೋಡೆಯನ್ನೇ ನೋಡುತ್ತ ನಿಂತಿದ್ದ. ಮುಚ್ಚಳ ನೋಡಿದ, ಚುಕ್ಕೆ ನೋಡಿದ, ತನ್ನ ಎಡಗೈ ನೋಡಿಕೊಂಡ. ಲೆಕ್ಕ ಅವನ ತಲೆಯಲ್ಲಿ ನಿಧಾನವಾಗಿ ತಿರುಗಿತು, ತಿರುಗಿದ ಹಾಗೆ ಮುಖ ಬಾಡಿತು.

ರಾಜಲಕ್ಷ್ಮಮ್ಮ: ಬೋರಪ್ಪ, ಹೋದ ವರ್ಷ ಬೋರ್‌ವೆಲ್ ಕೊರೆಸಿದೆಯಲ್ಲ, ಎಲ್ಲಿ ಅದು?

ಬೋರಪ್ಪ: ಕಲ್ಲಿನ ಪಕ್ಕದಲ್ಲೇ ಕಣಮ್ಮ. ನಮ್ಮ ಕಡೆ ಹನ್ನೆರಡಡಿ.

ರಾಜಲಕ್ಷ್ಮಮ್ಮ: ನೀರೆಷ್ಟು ಬಂತು?

ಬೋರಪ್ಪ: ಎರಡೂವರೆ ಇಂಚು.

ಆ ಸೀಮೆಯಲ್ಲಿ ಎರಡೂವರೆ ಇಂಚು ನೀರು ಎಂದರೆ ಹೆಣ್ಣು ಕೊಡುವವರು ತಾವಾಗಿ ಮನೆ ಹುಡುಕಿಕೊಂಡು ಬರುತ್ತಾರೆ. ಚಿಕ್ಕರಂಗಯ್ಯನ ತೋಟದ ಕಡೆ ಆ ನೀರು ಹರಿಯುವುದನ್ನು ಬೋರಪ್ಪ ಕಣ್ಣಾರೆ ಕಂಡ.

ಬೋರಪ್ಪ: ಸಾಮಿ, ಸೀಳು ಸೊಟ್ಟ ಐತೆ ಅಂತ ಯಾರಂದ್ರು?

ವೀರಭದ್ರಯ್ಯ: ನೀನೇ ಕಣಯ್ಯ, ಈಗ ತಾನೆ.

ಬೋರಪ್ಪ: ನಾನು ಕುರಿ ಕಾಯೋನು. ನಂಗೇನು ತಿಳೀತದೆ? ಇಪ್ಪತ್ತೆಂಟು ವರ್ಷ ಸರ್ಕಾರದೋರೇ ಒಪ್ಕೊಂಡಿರೋ ಹಲಿಗೆ ಅದು. ಸೊಟ್ಟ ಇದ್ರೆ ನಿಮಗೆ ಪೆನ್ಷನ್ ಕೊಡ್ತಿದ್ರಾ?

ಪೆನ್ಷನ್ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ವೀರಭದ್ರಯ್ಯನವರಿಗೂ ತಾವು ಇಷ್ಟು ಹೊತ್ತು ಏನನ್ನು ಸಾಬೀತು ಮಾಡಿದ್ದು ಎನ್ನುವುದು ಹೊಳೆಯಿತು. ಶಲ್ಯ ಹೆಗಲಿನಿಂದ ಜಾರಿತು. ಅವರು ಬೋರಪ್ಪನ ಮುಖ ನೋಡಿದರು, ಬೋರಪ್ಪ ಅವರ ಮುಖ ನೋಡಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಇಬ್ಬರ ಅಭಿಪ್ರಾಯವೂ ಒಂದೇ ಆಗಿತ್ತು.

ಬೋರಪ್ಪ ಗೋಡೆಯ ಹತ್ತಿರ ಹೋದ. ಮುಚ್ಚಳ ತೆಗೆದು, ಮೊಳೆಯನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತ. ಅಂಗಳದಲ್ಲಿ ಬಿದ್ದಿದ್ದ ಒಂದು ಕಲ್ಲು ಎತ್ತಿಕೊಂಡು, ಒಂದು ಗೇಣು ಎಡಕ್ಕೆ ಮೊಳೆಯನ್ನು ಹೊಡೆದು, ಸುಣ್ಣದ ಚುಕ್ಕೆಗಳೆಲ್ಲ ಮುಚ್ಚಿಹೋಗುವ ಹಾಗೆ ಮುಚ್ಚಳ ನೇತುಹಾಕಿದ. ಹಳೆಯ ತೂತಿಗೆ ಒಂದಿಷ್ಟು ಮಣ್ಣು ಮೆತ್ತಿ ಒರೆಸಿದ.

ಬೋರಪ್ಪ: ಈಗ ಹೊಡೀರಿ ಸಾಮಿ. ಮೊದಲು ಎಲ್ಲಿ ನೋಡ್ತಿದ್ರೋ ಅಲ್ಲೇ ನೋಡಿ.

ವೀರಭದ್ರಯ್ಯನವರು ಹಲಗೆಯ ಸೀಳಿನಲ್ಲಿ ಕಣ್ಣಿಟ್ಟು, ಮಣ್ಣು ಮೆತ್ತಿದ ತೂತನ್ನು ಗುರಿ ಹಿಡಿದು ಒತ್ತಿದರು. ಮುಚ್ಚಳ ಟಣ್ ಎಂದು ಬಿದ್ದು, ಅಂಗಳದ ತುಂಬ ಉರುಳಿ, ತುಳಸಿಕಟ್ಟೆಗೆ ತಾಗಿ ನಿಂತಿತು.

ಬೋರಪ್ಪ: ಗುರಿ ಅಂದ್ರೆ ಇದು. ನಾಳೆ ಬೆಳಿಗ್ಗೆ ಬಂದು, ಕಲ್ಲು ಇರೋ ಕಡೆನೇ ಸರಿ ಅಂತ ನಾಲ್ಕು ಜನರ ಮುಂದೆ ಹೇಳ್ಬುಡಿ. ಮರ ಚಿಕ್ಕರಂಗಯ್ಯಂದೇ. ಪಾಪ, ವಯಸ್ಸಾದೋನು, ಹುಳಿ ತಿಂದ್ಕೊಂಡಿರ್ಲಿ.

ವೀರಭದ್ರಯ್ಯ: ನೋಡ್ದೇನೇ? ಇಪ್ಪತ್ತೆಂಟು ವರ್ಷದಲ್ಲಿ ನನ್ನ ಗುರಿ ಒಂದು ದಿನ ತಪ್ಪಿಲ್ಲ.

ರಾಜಲಕ್ಷ್ಮಮ್ಮ: ಹೆಂಗೆ ತಪ್ಪುತ್ತೆ ರೀ? ಮೊಳೆ ಕಿತ್ತು ನೆಡೋಕೆ ಯಾರಾದ್ರೂ ಒಬ್ಬರು ಬಂದೇ ಬರ್ತಾರಲ್ಲ.