ಕ್ರಿಸಾಂತೊನನ್ನು ಸಾಕುವವರು ಯಾರು?

ಒಣಮೀನು ಹುರಿಯುವ ಆಸೆಯನ್ನು ಭಗವಂತ ಕ್ರಿಸಾಂತೊನಿಗೆ ಕೊಟ್ಟ. ಅದರ ವಾಸನೆ ಹಿಡಿಯುವ ಮೂಗನ್ನು ಅವನ ಹೆಂಡತಿ ಮಾರಿವಿಕ್‌ಗೆ ಕೊಟ್ಟ. ದೇವರ ಲೀಲೆ. ವಿನಿಪೆಗ್‌ನ ಜನವರಿಯಲ್ಲಿ ಕಿಟಕಿ ತೆರೆಯುವ ಹಾಗೂ ಇಲ್ಲ. ಒಲೆಯ ಪಕ್ಕದ ಕುರ್ಚಿಯ ಮೇಲೆ ಅವಳು ವೃದ್ಧಾಶ್ರಮದ ಕೆಲಸಕ್ಕೆ ಹಾಕುವ ಯೂನಿಫಾರಂ ಇತ್ತು, ಆಗತಾನೆ ಇಸ್ತ್ರಿಯಾದದ್ದು.

ಮಾರಿವಿಕ್ ಅಂಗಿ ಮೂಸಿದಳು. "ಅಜ್ಜ ಅಜ್ಜಿಯರು ಇವತ್ತು ನನ್ನನ್ನೇ ಊಟ ಅಂದ್ಕೋತಾರೆ! ಸಾಕಪ್ಪಾ ನಿನ್ನ ಸಹವಾಸ. ಡೈವೋರ್ಸ್!"

ಬಾಗಿಲು ದಡಾರೆಂದಿತು.

ಕ್ರಿಸಾಂತೊ ನಿಂತಲ್ಲೇ ಬೆವತ. ಫಿಲಿಪೀನ್ಸಿನ ಅವನ ಊರಿನಲ್ಲಿ ಡೈವೋರ್ಸ್ ಎಂಬುದೇ ಇಲ್ಲ. ಅಲ್ಲಿ ಹೆಂಡತಿಯ ಸಿಟ್ಟು ಗುಡುಗಿನ ಹಾಗೆ ಸದ್ದು ಮಾಡಿ ಹೋಗುತ್ತದೆ. ಇಲ್ಲಿ ಸಿಡಿಲೂ ಹೊಡೆಯಬಹುದು. ಅವಳನ್ನು ಮದುವೆಯಾದದ್ದರಿಂದಲೇ ಹೋದ ವರ್ಷ ಕೆನಡಾದ ಕಾಯಂ ನಿವಾಸಿ ಕಾರ್ಡು ಕೈಗೆ ಬಂದಿತ್ತು.

ಎದುರುಮನೆಯ ಪುರಿಂಗಕ್ಕ ಇಣುಕಿದಳು. "ಕದ್ದು ಕೇಳಿಸ್ಕೊಳ್ಳಲಿಲ್ಲಪ್ಪ, ತಾನಾಗೇ ಕೇಳಿಸ್ತು. ಡೈವೋರ್ಸ್ ಅಂದ್ರೆ ಕಾರ್ಡು ವಾಪಸ್, ನೀನು ವಿಮಾನ. ಸೂಟ್‌ಕೇಸ್ ಇದೆಯಾ? ನಂದೇ ಕೊಡ್ತೀನಿ. ಹಿಂದಕ್ಕೆ ಕಳಿಸೋದು ಮಾತ್ರ ಮರೀಬೇಡ."

ಕ್ರಿಸಾಂತೊ ವಲಸೆಗಾರರ ಸಹಾಯ ಕೇಂದ್ರಕ್ಕೆ ಫೋನ್ ಮಾಡಿದ. ಆ ಕಡೆಯ ಹುಡುಗಿ ಶಾಂತವಾಗಿ, "ಡೈವೋರ್ಸ್ ಆದ್ರೂ ಮೂರು ವರ್ಷ ನಿಮ್ಮ ಹೊಣೆ ನಿಮ್ಮ ಸ್ಪಾನ್ಸರ್‌ದೇ ಸರ್. ಇನ್ನು ನಿಮ್ಮ ಕಾರ್ಡು..." ಎನ್ನುವಷ್ಟರಲ್ಲಿ ಇವನು ದೇವರನ್ನು ನೆನೆದು ಫೋನ್ ಇಟ್ಟಾಗಿತ್ತು.

ಸ್ಪಾನ್ಸರ್! ನಮ್ಮ ಫಿಲಿಪೀನ್ಸಿನವರ ಮದುವೆಯಲ್ಲಿ ಧರ್ಮದ ತಂದೆತಾಯಿಯಾಗಿ, ದೇವರೆದುರು ಸಾಕ್ಷಿ ನಿಲ್ಲುವ ಹಿರಿಯರಿಗೆ ನಾವು ಅನ್ನುವುದೇ ಸ್ಪಾನ್ಸರ್ ಎಂದು. ಕ್ರಿಸಾಂತೊ ಹಿಮ ತುಳಿಯುತ್ತ ನೇರವಾಗಿ ಧರ್ಮತಂದೆ ಹಿಲಾರಿಯೊನ ಮನೆಗೆ ಓಡಿದ.

"ನಿನೊಂಗ್," ಎಂದ, ಧರ್ಮತಂದೆಯನ್ನು ಕರೆಯುವ ಹಾಗೆ. "ಮಾರಿವಿಕ್ ನನ್ನನ್ನ ಬಿಟ್ರೂ ನೀವು ಬಿಡೋ ಹಾಗಿಲ್ವಂತೆ. ಮೂರು ವರ್ಷ ಸ್ಪಾನ್ಸರೇ ಸಾಕ್ಬೇಕಂತೆ. ಹಾಸಿಗೆ ಎಲ್ಲಿ ಹಾಕ್ಲಿ?"

ಹಿಲಾರಿಯೊನ ಬಾಯಿಗೆ ಹೊರಟಿದ್ದ ಚಮಚ ದಾರಿಯಲ್ಲೇ ನಿಂತಿತು. "ನಿನ್ನ ಮದುವೇಲಿ ನಾನು ಕೊಟ್ಟಿದ್ದು ಬರೀ ಒಂದು ಟೋಸ್ಟರ್ ಕಣೋ!"

"ಆವತ್ತೇ ಬಡ್ಕೊಂಡೆ, ಕೋಟು ಹಾಕ್ಕೊಂಡು ಮುಂದೆ ನಿಂತ್ಕೋಬೇಡಿ ಅಂತ," ಎಂದಳು ಅವನ ಹೆಂಡತಿ ಕೊರಾಜೋನ್. "ಇವನು ಅನ್ನ ತಿನ್ನೋದು ನೋಡಿದೀರಾ?"

ಸಂಜೆ ಮಾರಿವಿಕ್ ಮನೆಗೆ ಬಂದಾಗ ಮದುವೆಯ ಸ್ಪಾನ್ಸರುಗಳೆಲ್ಲ ಜಪಮಾಲೆ ಹಿಡಿದು ಸೋಫಾದ ತುಂಬ ಕೂತಿದ್ದರು. ಮೇಜಿನ ಮೇಲೆ ಅವರೇ ತಂದಿದ್ದ ಒಂದು ದೊಡ್ಡ ತಟ್ಟೆ ನೂಡಲ್ಸ್. ಹಿಲಾರಿಯೊ ನೋವಿನ ಮೊಣಕಾಲನ್ನೂ ಲೆಕ್ಕಿಸದೆ ಮಂಡಿಯೂರಿಬಿಟ್ಟ.

"ಮಗಳೇ, ಇವನ ಕೈ ಬಿಡ್ಬೇಡಮ್ಮ. ಚಿನ್ನದಂಥ ಹುಡುಗ."

"ಯಾರು ಬಿಟ್ರು? ಸಿಟ್ಟಲ್ಲಿ ಬಾಯಿಗೆ ಬಂತು, ಅಂದೆ. ಬಸ್ ಹತ್ತೋ ಹೊತ್ತಿಗೆ ಮರ್ತೂ ಬಿಟ್ಟೆ!"

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಕೊರಾಜೋನ್‌ಗೆ ಸಮಾಧಾನವಾಗಲಿಲ್ಲ. "ನಾಳೆ ಮತ್ತೆ ಬಾಯಿಗೆ ಬಂದ್ರೆ? ಒಂದ್ಸಲ ಕೇಳೇಬಿಡೋಣ," ಎಂದು ಅದೇ ಕೇಂದ್ರಕ್ಕೆ ಫೋನ್ ಹಚ್ಚಿ, ಕ್ರಿಸಾಂತೊನ ಹೆಸರು ಹೇಳಿ, ಎಲ್ಲರಿಗೂ ಕೇಳಿಸುವಂತೆ ಮೇಜಿನ ಮೇಲಿಟ್ಟಳು.

"ಬೆಳಿಗ್ಗೆ ಪೂರ್ತಿ ಕೇಳದೇನೇ ಇಟ್ಬಿಟ್ರಲ್ಲಾ!" ಎಂದಳು ಹುಡುಗಿ. "ಮದುವೆ ನಿಜವಾದದ್ದಾದ್ರೆ, ಡೈವೋರ್ಸ್ ಆಯ್ತು ಅಂತ ಕಾರ್ಡು ಹೋಗಲ್ಲ. ಮತ್ತೆ, ಸ್ಪಾನ್ಸರ್ ಅಂದ್ರೆ ಮದುವೇಲಿ ನಿಂತವರಲ್ಲಮ್ಮ. ಅರ್ಜಿ ಹಾಕಿ ಅವರನ್ನ ಈ ದೇಶಕ್ಕೆ ಕರೆಸಿಕೊಂಡ ಹೆಂಡತಿ."

ಹಿಲಾರಿಯೊ ಯಾರ ಆಸರೆಯೂ ಇಲ್ಲದೆ ಎದ್ದು ನಿಂತ. "ನೋಡಮ್ಮ, ಗಂಡ ಹೆಂಡಿರ ಮಧ್ಯೆ ಮೂರನೆಯವರು ಬರಬಾರದು," ಎಂದು ಗಂಭೀರವಾಗಿ ನುಡಿದು, ನೂಡಲ್ಸ್ ತಟ್ಟೆಯ ಸಮೇತ ಹೊರಟ. ಉಳಿದವರು ಶಿಲುಬೆಯ ಗುರುತು ಹಾಕಿಕೊಂಡು ಹಿಂಬಾಲಿಸಿದರು.

ಕ್ರಿಸಾಂತೊನ ಎದೆ ಉಬ್ಬಿತು. "ಕೇಳಿಸ್ಕೊಂಡ್ಯಾ? ನೀನು ಬಿಟ್ರೂ ನನ್ನನ್ನ ಯಾರೂ ಕಳಿಸೋ ಹಾಗಿಲ್ಲ. ನಾನಿಲ್ಲಿ ಕಾಯಂ!"

ಮಾರಿವಿಕ್ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಮನಸ್ಸಿನಲ್ಲೇ ಏನೋ ಕೂಡಿ ಕಳೆದಳು.

"ಮೂರರಲ್ಲಿ ಒಂದು ವರ್ಷ ಮುಗೀತು, ಹೇಗೂ ಇನ್ನೆರಡು ವರ್ಷ ನಿನ್ನನ್ನ ಸಾಕೋ ಕರ್ಮ ನನ್ನದೇ," ಎಂದಳು ಕೊನೆಗೆ. "ಬೇರೆ ಕಡೆ ಇಟ್ಟು ಸಾಕಿದ್ರೆ ಬಾಡಿಗೆ ದಂಡ. ಇಲ್ಲೇ ಇರು. ಪಾತ್ರೆ, ಬಟ್ಟೆ, ನೆಲ ಎಲ್ಲಾ ನಿಂದು. ಆಮೇಲೆ ನೋಡೋಣ. ದೇಶದಲ್ಲಿ ನೀನು ಕಾಯಂ, ಒಪ್ಕೊಂಡೆ. ಈ ಮನೇಲಿ ಮಾತ್ರ ಇವತ್ತಿಂದ ಟೆಂಪರರಿ."