ಛತ್ರದ ಮುಂದೆ ಅಗೆಯುತ್ತಿದ್ದವನು

ಕಂಪ್ಯೂಟರಿನ ಮುಂದೆ ಕೂತು ತಾನು ದಡ್ಡನೆಂದು ಒಪ್ಪಿಕೊಂಡ ಗಂಡಸನ್ನು ನಾನು ಇದುವರೆಗೆ ಕಂಡಿಲ್ಲ, ಕನ್ನಡಿಯಲ್ಲೂ ಕಂಡಿಲ್ಲ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವನು. ವೆಬ್‌ಸೈಟ್ ಮಾಡುವುದನ್ನು ಯಾರೂ ನನಗೆ ಕಲಿಸಿರಲಿಲ್ಲ, ನಾನಾಗಿ ಕೇಳಿಯೂ ಇರಲಿಲ್ಲ. ಆದರೂ ಪಿರಿಯಾಪಟ್ಟಣದಲ್ಲಿ ನಮ್ಮ ಮಾವನವರು ಮದುವೆ ಛತ್ರ ಕಟ್ಟಿಸಿ ಮುಗಿಸಿದಾಗ, ಹಬ್ಬದೂಟದ ಎಲೆಯ ಮುಂದೆ, ಒಬ್ಬಟ್ಟಿನ ಅಮಲಿನಲ್ಲಿ, "ಇಂಟರ್‌ನೆಟ್ಟಿಗೆ ಹಾಕಿಬಿಡೋಣ ಮಾವ, ಮೈಸೂರಿನೋರೂ ಬಂದು ಬುಕ್ ಮಾಡ್ತಾರೆ" ಎಂದವನು ನಾನೇ. ಹಾಗೆ ಹೇಳಿದ್ದು ನನ್ನ ಹೆಂಡತಿ ಎಂದು ಬಹಳ ದಿನ ನಂಬಿದ್ದೆ. ಇಂಥ ಉಪಕಾರಗಳನ್ನು ನನ್ನ ನೆನಪು ನಾನು ಕೇಳದೆಯೇ ಮಾಡುತ್ತದೆ.

ಹುಣಸೂರಿನ ನಮ್ಮ ಮನೆಗೆ ಆಗ ಇಂಟರ್‌ನೆಟ್ಟು ಬರುತ್ತಿದ್ದದ್ದು ಟೆಲಿಫೋನ್ ತಂತಿಯಲ್ಲಿ. ಬರುವ ಮುಂಚೆ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕವರಂತೆ ಕೆಮ್ಮುತ್ತಿತ್ತು. ಬಿಟ್ಟಿಯಾಗಿ ವೆಬ್‌ಸೈಟ್ ಕಟ್ಟಿಕೊಡುವ ಜಾಗವೊಂದನ್ನು ಹುಡುಕಿ, ಅಲ್ಲಿದ್ದ ಸಿದ್ಧ ನಮೂನೆಗಳಲ್ಲಿ ಒಂದನ್ನು ಆರಿಸಿ, ಛತ್ರದ ಫೋಟೋ ಕೂರಿಸಿದೆ. ನಮೂನೆಯ ಜೊತೆಗೇ ಒಬ್ಬ ಪುಟ್ಟ ಮನುಷ್ಯ ಬಂದ. ತಲೆಗೆ ಹಳದಿ ಟೋಪಿ, ಕೈಯಲ್ಲಿ ಗುದ್ದಲಿ. ಫೋಟೋದ ಕೆಳಗೇ ನಿಂತು ಒಂದೇ ಸಮನೆ ಅಗೆಯುತ್ತಿದ್ದ. ಪಕ್ಕದಲ್ಲಿ 'ಅಂಡರ್ ಕನ್‌ಸ್ಟ್ರಕ್ಷನ್' ಎಂದಿತ್ತು. ಪುಟ ಇನ್ನೂ ಪೂರ್ತಿಯಾಗಿಲ್ಲ ಎಂದಷ್ಟೇ ಅದರ ಅರ್ಥ. ಮುದ್ದಾಗಿದ್ದಾನೆ, ಇರಲಿ ಬಿಡು ಅಂದುಕೊಂಡೆ.

ವಾರ ಕಳೆಯುವುದರಲ್ಲಿ ಮಾವನವರ ಫೋನು. "ಏನ್ರೀ ಅಳಿಯಂದ್ರೆ, ನಮ್ ಛತ್ರುಕ್ಕೆ ಇನ್ನೂ ಪಾಯ ತೆಗೀತಾವ್ರಂತಲ್ಲ! ಕೆ.ಆರ್. ನಗರದ ಹೆಣ್ಣಿನ ಕಡೆಯೋರು ಬ್ಯಾರೆ ಛತ್ರ ನೋಡ್ಕೊತೀವಿ ಅಂತಾವ್ರೆ. ಹೆಣ್ಣಿನ ತಮ್ಮ ಮೈಸೂರಲ್ಲಿ ಕಂಪ್ಯೂಟ್ರು ನೋಡಿ ಯೋಳುದ್ನಂತೆ." ಅದು ಛತ್ರದ ಮೊಟ್ಟಮೊದಲ ಮದುವೆ. ಅದು ಕೈತಪ್ಪಿದರೆ ಆ ಲಗ್ನದ ಕಾಲವೆಲ್ಲ ಛತ್ರ ಖಾಲಿ. ಅಳಿಯ ಎಂಬ ಪದಕ್ಕೆ ಆ ಮನೆಯಲ್ಲಿದ್ದ ಬೆಲೆಯೂ ಖಾಲಿ. "ಅವನು ಅಗೆಯೋದು ಛತ್ರಕ್ಕಲ್ಲ ಮಾವ, ಪುಟಕ್ಕೆ" ಎಂದೆ. "ಪುಟದಲ್ಲಿ ಮಣ್ಣು ಎಲ್ಲದೆ ಕಣ್ರೀ ಅಗಿಯಾಕೆ?" ಎಂದರು.

ಕೂಡಲೇ ಅವನನ್ನು ಅಳಿಸಿ 'ಸೇವ್' ಒತ್ತಿದೆ. ನನ್ನ ಕಂಪ್ಯೂಟರಿನಲ್ಲಿ ಮಾಯವಾದ. ಮಾವನವರು ಪಿರಿಯಾಪಟ್ಟಣದ ಬ್ರೌಸಿಂಗ್ ಸೆಂಟರಿಗೆ ಹೋಗಿ ಅಲ್ಲಿಂದಲೇ ನನ್ನ ಮೊಬೈಲಿಗೆ ಫೋನ್ ಮಾಡಿದರು: "ಅವ್ನೆ ಕಣ್ರೀ!" ಮತ್ತೆ ಸೇವ್ ಮಾಡಿದೆ. "ಇನ್ನೂ ಅವ್ನೆ. ಸುಸ್ತೂ ಆಗಾಕಿಲ್ವಲ್ರೀ ಈ ನನ್ಮಗಂಗೆ!" ಒಮ್ಮೆ ನೋಡಿದ ಪುಟವನ್ನು ಕಂಪ್ಯೂಟರು ನೆನಪಿಟ್ಟುಕೊಂಡು ಅದನ್ನೇ ತೋರಿಸುವುದುಂಟೆಂದು ಎಲ್ಲೋ ಓದಿದ್ದೆ. ನೆನಪನ್ನು ದೂರುವ ಅವಕಾಶವನ್ನು ನಾನು ಎಂದೂ ಬಿಟ್ಟವನಲ್ಲ. "ಅದಕ್ಕೆ ಹಳೇ ನೆನಪು ಹೋಗಿಲ್ಲ ಮಾವ, ರಿಫ್ರೆಶ್ ಮಾಡಿಸಿ" ಎಂದೆ. ಕಂಪ್ಯೂಟರು ರಿಫ್ರೆಶ್ ಆಯಿತು, ಕಾಫಿ ಕುಡಿದು ಮಾವನವರೂ ರಿಫ್ರೆಶ್ ಆದರು. ಗುದ್ದಲಿಯವನು ಮಾತ್ರ ಕೆಲಸ ಬಿಡಲಿಲ್ಲ.

ಹಿಂದೆ ಕೂತು ಸೊಪ್ಪು ಬಿಡಿಸುತ್ತಿದ್ದ ಹೆಂಡತಿ ಕತ್ತೆತ್ತಿದಳು. "ರೀ, ಸೇವ್ ಪಕ್ಕದಲ್ಲಿ ಪಬ್ಲಿಷ್ ಅಂತ ಇನ್ನೊಂದದಲ್ಲ, ಅದ್ನೇನು ಚೆಂದಕ್ಕೆ ಇಟ್ಟವ್ರಾ?"

ನಾನು ಸೇವ್ ಮಾಡಿದ್ದು ನನಗೊಬ್ಬನಿಗೇ ಕಾಣುವಂತೆ. ಮೊದಲ ಸಲ ಪುಟ ತಾನಾಗಿಯೇ ಊರಿಗೆ ಹೋಗಿತ್ತು; ಆಮೇಲಿನ ತಿದ್ದುಪಡಿ ಪಬ್ಲಿಷ್ ಒತ್ತದೆ ಊರಿಗೆ ಕಾಣುವುದಿಲ್ಲ. ಒತ್ತಿದೆ. "ಓದ! ಗುದ್ದಲಿ ಸಮೇತ ಓದ!" ಎಂದು ಮಾವನವರು ಕೂಗಿದ್ದು ಫೋನಿಲ್ಲದಿದ್ದರೂ ಹುಣಸೂರಿಗೆ ಕೇಳಿಸುತ್ತಿತ್ತು.

ಮಾರನೆಯ ದಿನ ಮತ್ತೆ ಫೋನು. "ಅಳಿಯಂದ್ರೆ, ಬುಕ್ ಆಯ್ತು ಕಣ್ರೀ! ಆ ತಮ್ಮ ಮತ್ತೆ ನೋಡುದ್ನಂತೆ, ಅಗೆಯೋನು ಇಲ್ವಂತೆ. ಸರಿ, ಎಲ್ರೂ ಕಣ್ಣಾರೆ ನೋಡಾಕೆ ಬಂದ್ರು. ಓದ್ವಾರ ಪಾಯ ತೆಗೀತಿದ್ದೋರು ಈ ವಾರ ಛತ್ರಾನೇ ಎಬ್ಬುಸ್ಬುಟ್ಟವ್ರಲ್ಲ ಅಂತ ಬೆರಗಾಗೋದ್ರು. ಮೇಸ್ತ್ರಿ ಯಾರು ಅಂದ್ರು. ನಮ್ಮಳಿಯಾನೇ ಅಂದೆ. ಅವ್ರಿಗೂ ಒಂದು ಮನೆ ಕಟ್ಟುಸ್ಬೇಕಂತೆ, ನಿಮ್ ನಂಬರ್ ಕೊಟ್ಟಿವ್ನಿ."

ಈ ಕತೆಯನ್ನು ಎಲ್ಲಿ ಹೇಳಿದರೂ ಪಬ್ಲಿಷ್ ಗುಂಡಿಯನ್ನು ಕಂಡುಹಿಡಿದವನು ನಾನೇ ಆಗಿರುತ್ತಿದ್ದೆ. ಪಕ್ಕದಲ್ಲಿ ಹೆಂಡತಿ ಸುಮ್ಮನೆ ನಗುತ್ತಿದ್ದಳು. ಕಂಡದ್ದು ಅವಳಿಗೆ ಎಂಬ ತಿದ್ದುಪಡಿ ನನ್ನೊಳಗೆ ಎಂದೋ ಸೇವ್ ಆಗಿತ್ತು. ಪಬ್ಲಿಷ್ ಆಗುತ್ತಿರುವುದು ಈಗ.